ಕಾರು ನುಡಿಯುವ ಎಚ್ಚರಿಕೆ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಇಲ್ಲ. ಮನುಷ್ಯನು ಒಂದು ಕಡೆ ನೋಡುತ್ತಿರುವಾಗ ಮತ್ತೊಂದು ಕಡೆ ನಡೆಯುವುದು ಅವನ ಕಣ್ಣಿಗೆ ಬೀಳುವುದಿಲ್ಲ. ಕಿವಿಯಾದರೋ ಎಲ್ಲ ದಿಕ್ಕುಗಳಿಂದ ಬರುವ ಸದ್ದನ್ನೂ ಗ್ರಹಿಸುತ್ತಲೇ ಇರುತ್ತದೆ. ಈ ಕಾರಣದಿಂದಲೇ ಅಪಾಯವನ್ನು ಸೂಚಿಸಲು ಜನರು ಬಹು ಹಿಂದಿನಿಂದಲೂ ಧ್ವನಿಯನ್ನು ಆಶ್ರಯಿಸಿದ್ದಾರೆ. ಇರುಳಿನಲ್ಲಿ ಸಾಗುವ ಬಂಡಿಯ ಎತ್ತುಗಳ ಕೊರಳಿಗೆ ಗಂಟೆ ಕಟ್ಟುತ್ತಿದ್ದರು. ಹೊಲಕ್ಕೆ ಕಾಡುಹಂದಿ ನುಗ್ಗಿದರೆ ಅಟ್ಟಣೆಯ ಮೇಲಿನ ಕಾವಲುಗಾರ ತಮಟೆ ಬಾರಿಸುತ್ತಿದ್ದ. ರೈಲು ಸಿಳ್ಳು ಹಾಕುತ್ತದೆ. ಕಾರ್ಖಾನೆಯ ಸೈರನ್ ಕೂಗುತ್ತದೆ. ಇವುಗಳ ಅರ್ಥವನ್ನು ಯಾರೂ ಪುಸ್ತಕ ನೋಡಿ ಕಲಿಯಬೇಕಾಗಿರಲಿಲ್ಲ. ಒಂದು ಸದ್ದಿಗೆ ಒಂದೇ ಅರ್ಥವಿತ್ತು. ಆ ಅರ್ಥ ಊರಿಗೆಲ್ಲ ತಿಳಿದಿತ್ತು.

ಇಂದಿನ ಹೊಸ ಕಾರಿನಲ್ಲಿ ಕುಳಿತವನ ಸ್ಥಿತಿ ಹಾಗಿಲ್ಲ. ಬಾಗಿಲು ಸರಿಯಾಗಿ ಮುಚ್ಚದಿದ್ದರೆ ಒಂದು ಸದ್ದು. ಬೆಲ್ಟು ಕಟ್ಟದಿದ್ದರೆ ಇನ್ನೊಂದು. ಹಿಂದಕ್ಕೆ ಚಲಿಸಿದರೆ, ವೇಗ ಮೀರಿದರೆ, ಗೆರೆ ದಾಟಿದರೆ, ಮುಂದಿನ ವಾಹನಕ್ಕೆ ತೀರ ಸಮೀಪಿಸಿದರೆ ಮತ್ತೆ ಬೇರೆ ಬೇರೆ ಸದ್ದುಗಳು. ಒಂದೇ ವಾಹನ ಹತ್ತಾರು ದನಿಗಳಲ್ಲಿ ಮಾತನಾಡುತ್ತದೆ. ಆ ಮಾತು ತಿಳಿಯದಿದ್ದರೆ, ಕಾಪಾಡಲೆಂದು ಹುಟ್ಟಿದ ಧ್ವನಿಯೇ ಕಿರಿಕಿರಿಯಾಗಿ ಪರಿಣಮಿಸುತ್ತದೆ. ಕೆಲವೊಮ್ಮೆ ಅಪಾಯಕ್ಕೂ ದಾರಿಯಾಗುತ್ತದೆ. ಆದುದರಿಂದ ಈ ಧ್ವನಿಗಳು ಎಲ್ಲಿಂದ ಬರುತ್ತವೆ, ಏನನ್ನು ಹೇಳುತ್ತವೆ, ಎಷ್ಟರಮಟ್ಟಿಗೆ ನಂಬತಕ್ಕವು ಎಂಬುದನ್ನು ಅರಿಯುವುದು ಅವಶ್ಯ.

ಈ ವಿಷಯವನ್ನು ತಿಳಿಯಲು ಬೊಮ್ಮನಹಳ್ಳಿಗಿಂತ ತಕ್ಕ ಸ್ಥಳ ದೊರೆಯುವುದು ಕಷ್ಟ. ಬೆಂಗಳೂರಿನಿಂದ ಹೊಸೂರಿಗೆ ಹೋಗುವ ಹೆದ್ದಾರಿಯ ಮೇಲಿರುವ ಈ ಊರು ಹಿಂದೆ ತನ್ನದೇ ಆದ ನಗರಸಭೆಯನ್ನು ಹೊಂದಿತ್ತು; ೨೦೦೭ರಲ್ಲಿ ಮಹಾನಗರದೊಳಗೆ ಸೇರಿಹೋಯಿತು. ಇದರ ದಕ್ಷಿಣಕ್ಕೆ ಕೋನಪ್ಪನ ಅಗ್ರಹಾರ, ದೊಡ್ಡತೋಗೂರು ಗ್ರಾಮಗಳ ನೆಲದಲ್ಲಿ ಎಲೆಕ್ಟ್ರಾನಿಕ್ ಸಿಟಿ ತಲೆಯೆತ್ತಿತು. ೧೯೭೬ರಲ್ಲಿ ಸ್ಥಾಪಿತವಾದ ಕಿಯೋನಿಕ್ಸ್ ನಿಗಮ ಅದನ್ನು ಕಟ್ಟಿತು, ಆರ್. ಕೆ. ಬಾಳಿಗಾ ಅವರು ಅದರ ಕನಸು ಕಂಡವರು. ೨೦೧೦ರ ಜನವರಿಯಲ್ಲಿ ಸುಮಾರು ೧೦ ಕಿಲೋಮೀಟರ್ ಉದ್ದದ ಮೇಲುರಸ್ತೆಯೊಂದು ಈ ಎರಡು ಸ್ಥಳಗಳನ್ನು ಜೋಡಿಸಿತು. ೨೦೨೫ರ ಆಗಸ್ಟಿನಲ್ಲಿ ಮೆಟ್ರೋ ರೈಲೂ ಬಂದಿತು. ಮೇಲುರಸ್ತೆಯಲ್ಲಿ ಕಾರುಗಳು ಅಡೆತಡೆಯಿಲ್ಲದೆ ಧಾವಿಸುತ್ತವೆ. ಕೆಳಗಿನ ರಸ್ತೆಯಲ್ಲಿ ಬಸ್ಸು, ಲಾರಿ, ಆಟೋ, ಸ್ಕೂಟರುಗಳು ಒಂದನ್ನೊಂದು ಒತ್ತಿಕೊಂಡು ಸಾಗುತ್ತವೆ. ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ಪಾಳಿ ಮುಗಿದೊಡನೆ ಕೆಲಸದ ಹೆಂಗಸರು ಗುಂಪುಗುಂಪಾಗಿ ರಸ್ತೆ ದಾಟುತ್ತಾರೆ. ವೇಗದ ರಸ್ತೆ ಮತ್ತು ನಡೆಯುವ ಜನ ಇಲ್ಲಿ ಎದುರುಬದುರಾಗುತ್ತಾರೆ.

ಅಪಾಯವನ್ನು ಮೊದಲೇ ಕಂಡು ಸದ್ದು ಮಾಡುವ ಯಂತ್ರದ ಕಲ್ಪನೆ ಕಾರಿಗಿಂತ ಮೊದಲು ಹಡಗಿಗಾಗಿ ಹುಟ್ಟಿತೆಂಬುದು ಕುತೂಹಲಕರ ಸಂಗತಿ. ೧೯೦೪ರಲ್ಲಿ ಜರ್ಮನಿಯ ಕ್ರಿಶ್ಚಿಯನ್ ಹ್ಯೂಲ್ಸ್‌ಮೇಯರ್ ಎಂಬಾತನು ಕಲೋನ್ ನಗರದಲ್ಲಿ, ರೈನ್ ನದಿಯ ಬಳಿ, ಒಂದು ಉಪಕರಣವನ್ನು ಪ್ರದರ್ಶಿಸಿದನು. ಅದು ರೇಡಿಯೋ ಅಲೆಗಳನ್ನು ಹೊರಸೂಸುತ್ತಿತ್ತು. ಆ ಅಲೆಗಳು ಹಡಗಿಗೆ ತಗಲಿ ಹಿಂದಿರುಗಿದಾಗ ಉಪಕರಣದಲ್ಲಿದ್ದ ಗಂಟೆ ಬಾರಿಸುತ್ತಿತ್ತು. ಮಂಜಿನಲ್ಲಿ ಹಡಗುಗಳು ಡಿಕ್ಕಿ ಹೊಡೆಯದಿರಲಿ ಎಂಬುದು ಅವನ ಆಶಯ. ಅಂದು ಅದನ್ನು ಕೊಳ್ಳುವವರು ದೊರೆಯಲಿಲ್ಲ. ಆದರೆ ಅದೇ ತತ್ತ್ವ ಮುಂದೆ ರೇಡಾರ್ ಆಗಿ ಬೆಳೆಯಿತು. ಈಗ ಕಾರಿನ ಮುಂಭಾಗದಲ್ಲಿ ಅಂಗೈಯಗಲದ ಪೆಟ್ಟಿಗೆಯೊಳಗೆ ಕುಳಿತಿದೆ.

ರೇಡಾರ್, ಕ್ಯಾಮೆರಾ ಮೊದಲಾದ ಸಂವೇದಕಗಳ ನೆರವಿನಿಂದ ಚಾಲಕನನ್ನು ಎಚ್ಚರಿಸುವ, ಬೇಕಾದಾಗ ಬ್ರೇಕು ಅಥವಾ ಸ್ಟಿಯರಿಂಗಿಗೂ ಕೈಜೋಡಿಸುವ ಏರ್ಪಾಟಿಗೆ ಚಾಲಕ ಸಹಾಯಕ ವ್ಯವಸ್ಥೆ ಎಂದು ಹೆಸರು. ವಾಡಿಕೆಯಲ್ಲಿ ಇದನ್ನು ‘ಅಡಾಸ್’ ಎನ್ನುತ್ತಾರೆ. ನಮ್ಮ ದೇಶದ ಮಾರುಕಟ್ಟೆಗೆ ೨೦೨೦ರ ಬಳಿಕ ಬಂದ ಅನೇಕ ಕಾರುಗಳಲ್ಲಿ ಇದು ಕಾಣಿಸಿಕೊಂಡಿತು. ಇದಕ್ಕೂ ಮೊದಲೇ, ೨೦೧೯ರ ಜುಲೈ ೧ರಿಂದ, ಎಲ್ಲ ಹೊಸ ಕಾರುಗಳಲ್ಲಿಯೂ ಮೂರು ಬಗೆಯ ಎಚ್ಚರಿಕೆಗಳು ಕಡ್ಡಾಯವಾಗಿದ್ದವು: ಮುಂದಿನ ಆಸನಗಳ ಬೆಲ್ಟನ್ನು ನೆನಪಿಸುವುದು, ವೇಗ ಮೀರಿದುದನ್ನು ತಿಳಿಸುವುದು, ಹಿಂದಕ್ಕೆ ಚಲಿಸುವಾಗ ಅಡ್ಡಿಯನ್ನು ಸೂಚಿಸುವುದು.

ಸಂಜೆಯ ಹೊತ್ತು ಎಲೆಕ್ಟ್ರಾನಿಕ್ ಸಿಟಿಯಿಂದ ಬೊಮ್ಮನಹಳ್ಳಿಗೆ ಹೊರಟ ಒಂದು ಕಾರನ್ನು ಕಲ್ಪಿಸಿಕೊಂಡರೆ ಈ ಧ್ವನಿಗಳ ಪರಿಚಯ ಸುಲಭವಾಗುತ್ತದೆ. ಕಾರು ಹೊರಡುವ ಮುನ್ನವೇ ಮೊದಲನೆಯ ಸದ್ದು ಕೇಳಿಸುತ್ತದೆ. ಆಸನದ ಕೆಳಗಿನ ಸಂವೇದಕ ಕುಳಿತವರ ಭಾರವನ್ನು ಗುರುತಿಸುತ್ತದೆ. ಬೆಲ್ಟಿನ ಕೊಂಡಿಯಲ್ಲಿರುವ ಸ್ವಿಚ್ಚು ಅದು ಬಿಗಿದಿದೆಯೇ ಇಲ್ಲವೇ ಎಂಬುದನ್ನು ಹೇಳುತ್ತದೆ. ಭಾರವಿದ್ದು ಬೆಲ್ಟು ಇಲ್ಲದಿದ್ದರೆ ಸದ್ದು ಆರಂಭವಾಗುತ್ತದೆ. ಆಸನದ ಮೇಲೆ ಭಾರವಾದ ಚೀಲವನ್ನಿಟ್ಟರೂ ಇದು ಮೊಳಗುವುದುಂಟು. ಏಕೆಂದರೆ ಯಂತ್ರಕ್ಕೆ ತಿಳಿಯುವುದು ತೂಕವೇ ಹೊರತು ಮನುಷ್ಯನಲ್ಲ.

ಕಾರನ್ನು ನಿಲುಗಡೆಯ ಜಾಗದಿಂದ ಹಿಂದಕ್ಕೆ ತೆಗೆಯುವಾಗ ಎರಡನೆಯ ಸದ್ದು ಬರುತ್ತದೆ. ಮನುಷ್ಯನ ಕಿವಿಗೆ ಕೇಳಿಸುವ ಧ್ವನಿಯ ಮೇಲಿನ ಮಿತಿ ಸೆಕೆಂಡಿಗೆ ಸುಮಾರು ೨೦,೦೦೦ ಕಂಪನಗಳು. ಅದಕ್ಕೂ ಮೀರಿದ ಶ್ರವಣಾತೀತ ಧ್ವನಿಯನ್ನು ಹಿಂಬದಿಯ ಬಂಪರಿನಲ್ಲಿರುವ ಸಂವೇದಕಗಳು ಹೊರಡಿಸಿ, ಪ್ರತಿಧ್ವನಿಗಾಗಿ ಕಾಯುತ್ತವೆ. ಬಾವಲಿಯು ಇರುಳಿನಲ್ಲಿ ಹಾರುವ ಕ್ರಮವೂ ಇದೇ. ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೩೪೦ ಮೀಟರು. ಗೋಡೆ ಒಂದು ಮೀಟರು ದೂರದಲ್ಲಿದ್ದರೆ ಧ್ವನಿ ಹೋಗಿ ಬರಲು ಎರಡು ಮೀಟರು ಸಾಗಬೇಕು; ಅದಕ್ಕೆ ತಗಲುವ ಕಾಲ ಸೆಕೆಂಡಿನ ಸಾವಿರದಲ್ಲಿ ಆರು ಭಾಗ ಮಾತ್ರ. ಈ ಕಾಲವನ್ನು ಅಳೆದು ಯಂತ್ರವು ದೂರವನ್ನು ಲೆಕ್ಕಹಾಕುತ್ತದೆ. ದೂರ ಕಡಿಮೆಯಾದಂತೆ ಸದ್ದುಗಳ ನಡುವಿನ ಬಿಡುವೂ ಕಡಿಮೆಯಾಗುತ್ತದೆ. ತೀರ ಸಮೀಪಿಸಿದಾಗ ಬಿಡುವಿಲ್ಲದ ಒಂದೇ ಸದ್ದಾಗುತ್ತದೆ. ‘ಇನ್ನು ಜಾಗವಿಲ್ಲ, ನಿಲ್ಲಿಸು’ ಎಂಬುದೇ ಅದರ ಅರ್ಥ. ಆದರೆ ತೆಳುವಾದ ಕಂಬ, ಗಿಡ್ಡ ಕಲ್ಲು ಇವು ಅದರ ಗಮನಕ್ಕೆ ಬಾರದೆ ಹೋಗಬಹುದು. ಸಂವೇದಕಕ್ಕೆ ಕೆಸರು ಮೆತ್ತಿದ್ದರೂ ಅಷ್ಟೆ. ಆದುದರಿಂದ ಸದ್ದು ಬರಲಿಲ್ಲವೆಂದ ಮಾತ್ರಕ್ಕೆ ಹಿಂದೆ ಯಾರೂ ಇಲ್ಲವೆಂದು ತಿಳಿಯಕೂಡದು.

ಕಾರು ಮೇಲುರಸ್ತೆಯನ್ನೇರಿದ ಮೇಲೆ ವೇಗ ಹೆಚ್ಚುತ್ತದೆ. ಗಂಟೆಗೆ ೮೦ ಕಿಲೋಮೀಟರ್ ಮೀರಿದರೆ ಆಗಾಗ ಸದ್ದು ಕೇಳಿಸುತ್ತದೆ. ೧೨೦ ಮೀರಿದರೆ ಅದು ಎಡೆಬಿಡದೆ ಮೊಳಗುತ್ತದೆ. ಇದು ರಸ್ತೆಯ ವೇಗಮಿತಿಯನ್ನು ಹೇಳುವ ಸದ್ದಲ್ಲವೆಂಬುದನ್ನು ಗಮನಿಸಬೇಕು. ಶಾಲೆಯ ಮುಂದೆ ೬೦ ಕಿಲೋಮೀಟರ್ ವೇಗದಲ್ಲಿ ಹೋದರೂ ಈ ಎಚ್ಚರಿಕೆ ಸುಮ್ಮನಿರುತ್ತದೆ. ಅಲ್ಲಿ ಎಚ್ಚರವಾಗಿರಬೇಕಾದುದು ಚಾಲಕನ ವಿವೇಕ.

ಮುಂದಿನ ಗಾಜಿನ ಮೇಲ್ಭಾಗದಲ್ಲಿ, ಕನ್ನಡಿಯ ಹಿಂದೆ, ಒಂದು ಕ್ಯಾಮೆರಾ ಇರುತ್ತದೆ. ರಸ್ತೆಯ ಮೇಲೆ ಎಳೆದ ಬಿಳಿಯ ಗೆರೆಗಳನ್ನು ಅದು ನೋಡುತ್ತದೆ. ಇಂಡಿಕೇಟರ್ ಹಾಕದೆ ಕಾರು ಗೆರೆಯತ್ತ ಸರಿದರೆ, ಚಾಲಕ ತೂಕಡಿಸಿರಬಹುದು ಅಥವಾ ಮೈಮರೆತಿರಬಹುದು ಎಂದು ಅದು ಊಹಿಸಿ ಸದ್ದು ಮಾಡುತ್ತದೆ. ಕೆಲವು ಕಾರುಗಳಲ್ಲಿ ಸ್ಟಿಯರಿಂಗ್ ಚಕ್ರವೇ ನಡುಗುತ್ತದೆ. ಇಂಡಿಕೇಟರ್ ಹಾಕಿ ಸರಿದರೆ ಈ ಸದ್ದು ಬರುವುದಿಲ್ಲ. ಅದು ಪದೇ ಪದೇ ಕೇಳಿಸಿದರೆ, ಯಂತ್ರ ಕೆಟ್ಟಿದೆ ಎನ್ನುವುದಕ್ಕೆ ಮೊದಲು, ಇಂಡಿಕೇಟರ್ ಬಳಸುವ ಅಭ್ಯಾಸವಿದೆಯೇ ಎಂದು ಚಾಲಕನು ತನ್ನನ್ನೇ ಕೇಳಿಕೊಳ್ಳಬೇಕು.

ಕನ್ನಡಿಗಳಲ್ಲಿ ಕಾಣದ ಸ್ವಲ್ಪ ಜಾಗ ಪ್ರತಿಯೊಂದು ವಾಹನದ ಎರಡೂ ಪಕ್ಕಗಳಲ್ಲಿರುತ್ತದೆ. ಅಲ್ಲಿ ಸ್ಕೂಟರು ಬಂದರೆ ಹಿಂಬದಿಯ ರೇಡಾರ್ ಅದನ್ನು ಕಂಡು ಪಕ್ಕದ ಕನ್ನಡಿಯಲ್ಲಿ ಚಿಕ್ಕ ದೀಪವನ್ನು ಬೆಳಗಿಸುತ್ತದೆ. ಆ ಗಳಿಗೆಯಲ್ಲಿ ಚಾಲಕನು ಅದೇ ಪಕ್ಕಕ್ಕೆ ಇಂಡಿಕೇಟರ್ ಹಾಕಿದರೆ ದೀಪದೊಡನೆ ಧ್ವನಿಯೂ ಸೇರುತ್ತದೆ. ಸುಮ್ಮನೆ ಇರುವ ಸಂಗತಿಗೆ ದೀಪ ಸಾಕು. ಅಪಾಯವಾಗಿ ಬದಲಾಗುವ ಸಂಗತಿಗೆ ಧ್ವನಿ ಬೇಕು. ಈ ವ್ಯವಸ್ಥೆಯ ಹಿಂದಿರುವ ಮುಖ್ಯ ತತ್ತ್ವವೇ ಇದು.

ಧ್ವನಿಯ ರೀತಿಯಲ್ಲಿಯೂ ಅರ್ಥವಿದೆ. ಮೆಲ್ಲಗೆ, ಒಮ್ಮೆ ಕೇಳಿಸಿ ನಿಲ್ಲುವ ಇಂಪಾದ ಸದ್ದು ಸಾಮಾನ್ಯವಾಗಿ ಒಂದು ಸುದ್ದಿಯನ್ನು ತಿಳಿಸುತ್ತದೆ. ಬಿಡುವು ಕೊಟ್ಟು ಮರುಕಳಿಸುವ ಸದ್ದು ಗಮನವನ್ನು ಬೇಡುತ್ತದೆ. ಏರಿದ ಸ್ವರದಲ್ಲಿ, ಒಂದರ ಹಿಂದೊಂದು ತ್ವರಿತವಾಗಿ ಬಡಿಯುವ ಸದ್ದು ‘ಈಗಲೇ’ ಎನ್ನುತ್ತದೆ. ಸದ್ದಿನ ಮಿಡಿತ ವೇಗವಾದಂತೆ, ಸ್ವರ ಏರಿದಂತೆ ಕೇಳುವವರಲ್ಲಿ ತುರ್ತಿನ ಭಾವನೆ ಹೆಚ್ಚುತ್ತದೆಂದು ವಿಜ್ಞಾನಿಗಳು ಪರೀಕ್ಷೆಗಳಿಂದ ತೋರಿಸಿದ್ದಾರೆ. ಹಾಗೆಂದು ಎಲ್ಲ ಸದ್ದನ್ನೂ ಜೋರಾಗಿಸಿದರೆ ಆಗದು. ರಾಯ್ ಪ್ಯಾಟರ್ಸನ್ ಎಂಬ ವಿಜ್ಞಾನಿ ೧೯೮೨ರಲ್ಲಿ ಬ್ರಿಟನ್ನಿನ ನಾಗರಿಕ ವಿಮಾನಯಾನ ಪ್ರಾಧಿಕಾರಕ್ಕಾಗಿ ವಿಮಾನಗಳ ಎಚ್ಚರಿಕೆಯ ಧ್ವನಿಗಳ ಬಗ್ಗೆ ಮಾರ್ಗಸೂಚಿಗಳನ್ನು ಬರೆದನು. ಸದ್ದು ಮಿತಿಮೀರಿ ಜೋರಾಗಿದ್ದರೆ ಪೈಲಟ್ಟುಗಳು ಬೆಚ್ಚಿಬಿದ್ದು, ಅಪಾಯವನ್ನು ಎದುರಿಸುವ ಬದಲು ಮೊದಲು ಸದ್ದನ್ನು ಅಡಗಿಸಲು ಧಾವಿಸುತ್ತಾರೆ. ಆದುದರಿಂದ ಧ್ವನಿಗಳು ಕೆಲವೇ ಇರಬೇಕು, ಹಿತಮಿತವಾಗಿರಬೇಕು ಎಂಬುದು ಅದರ ಸಾರ. ಕಾರುಗಳಿಗೂ ಈ ಮಾತು ಒಪ್ಪುತ್ತದೆ. ಆದರೆ ಯಾವ ಅಪಾಯಕ್ಕೆ ಯಾವ ಸದ್ದು ಎಂಬುದು ಒಂದೊಂದು ಕಂಪನಿಯ ಕಾರಿನಲ್ಲಿ ಒಂದೊಂದು ಬಗೆಯಾಗಿರುತ್ತದೆ. ಆದುದರಿಂದ ಕಾರಿನೊಡನೆ ಬರುವ ಕೈಪಿಡಿಯನ್ನು ಓದಿ, ನಿಂತ ಕಾರಿನಲ್ಲಿಯೇ ಈ ಧ್ವನಿಗಳ ಅರ್ಥವನ್ನು ತಿಳಿದುಕೊಳ್ಳಬೇಕು. ಓಡುವ ಕಾರಿನಲ್ಲಿ ಅದಕ್ಕೆ ಸಮಯವಿರುವುದಿಲ್ಲ.

ಎಷ್ಟು ಸಮಯವಿರುತ್ತದೆ ಎಂಬುದನ್ನು ಒಂದು ಚಿಕ್ಕ ಲೆಕ್ಕದಿಂದ ಕಾಣಬಹುದು. ಕಾರು ಮೇಲುರಸ್ತೆಯಿಂದ ಬೊಮ್ಮನಹಳ್ಳಿಯ ಬಳಿ ಕೆಳಗಿಳಿದು, ಗಂಟೆಗೆ ೫೪ ಕಿಲೋಮೀಟರ್ ವೇಗದಲ್ಲಿ ಸಾಗುತ್ತಿದೆ. ಅಂದರೆ ಸೆಕೆಂಡಿಗೆ ೧೫ ಮೀಟರು. ಮುಂದೆ ೪೫ ಮೀಟರು ದೂರದಲ್ಲಿ ಬಸ್ಸೊಂದು ನಿಂತಿದೆ. ರೇಡಾರಿನ ಅಲೆಗಳು ಬೆಳಕಿನ ವೇಗದಲ್ಲಿ ಹೋಗಿ ಬಸ್ಸಿಗೆ ತಗಲಿ ಮರಳುತ್ತವೆ. ಮರಳಿದ ಅಲೆಯ ಕಾಲದಿಂದ ದೂರವೂ, ಅದರ ಆವೃತ್ತಿಯಲ್ಲಾದ ವ್ಯತ್ಯಾಸದಿಂದ ವೇಗವೂ ತಿಳಿಯುತ್ತವೆ. ಈ ವ್ಯತ್ಯಾಸದ ನಿಯಮವನ್ನು ಡಾಪ್ಲರ್ ಎಂಬ ವಿಜ್ಞಾನಿ ೧೮೪೨ರಲ್ಲಿ ವಿವರಿಸಿದ್ದನು. ದೂರವನ್ನು ವೇಗದಿಂದ ಭಾಗಿಸಿದರೆ ಬರುವ ಉತ್ತರ ೩; ಡಿಕ್ಕಿಗೆ ಉಳಿದಿರುವುದು ಮೂರೇ ಸೆಕೆಂಡು. ಆಗ ತುರ್ತು ಸದ್ದು ಮೊಳಗುತ್ತದೆ.

ಸದ್ದು ಕೇಳಿ ಚಾಲಕನ ಕಾಲು ಬ್ರೇಕನ್ನು ಒತ್ತಲು ಒಂದೂವರೆ ಸೆಕೆಂಡು ಹಿಡಿಯಿತೆಂದು ಇಟ್ಟುಕೊಂಡರೆ ಅಷ್ಟರಲ್ಲಿ ಕಾರು ೨೨.೫ ಮೀಟರು ಸಾಗಿರುತ್ತದೆ. ಒಣರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕು ಒತ್ತಿದರೆ ನಿಲ್ಲಲು ಇನ್ನೂ ಸುಮಾರು ೧೬ ಮೀಟರು ಬೇಕು. ಒಟ್ಟು ೩೮.೫ ಮೀಟರು. ಬಸ್ಸಿಗೆ ಆರೂವರೆ ಮೀಟರು ಹಿಂದೆಯೇ ಕಾರು ನಿಲ್ಲುತ್ತದೆ. ಅದೇ ಚಾಲಕನು ‘ಇದೇನು ಸದ್ದು? ಬಾಗಿಲೇ? ಬೆಲ್ಟೇ?’ ಎಂದು ಒಂದು ಸೆಕೆಂಡು ಯೋಚಿಸಿದನೆನ್ನಿ. ಆ ಒಂದು ಸೆಕೆಂಡಿನಲ್ಲಿ ಕಾರು ಮತ್ತೆ ೧೫ ಮೀಟರು ಮುಂದೆ ಹೋಗಿರುತ್ತದೆ. ಈಗ ನಿಲ್ಲಲು ಒಟ್ಟು ೫೩.೫ ಮೀಟರು ಬೇಕು. ಇರುವುದು ೪೫ ಮಾತ್ರ. ಕಾರು ಗಂಟೆಗೆ ಸುಮಾರು ೪೦ ಕಿಲೋಮೀಟರ್ ವೇಗದಲ್ಲಿ ಬಸ್ಸಿಗೆ ಅಪ್ಪಳಿಸುತ್ತದೆ. ಎರಡೂ ಸಲ ಯಂತ್ರ ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿತು. ವ್ಯತ್ಯಾಸವಾದುದು ಧ್ವನಿಯ ಅರ್ಥ ತಿಳಿದಿತ್ತೇ ಇಲ್ಲವೇ ಎಂಬುದರಲ್ಲಿ. ಕೆಲವು ಕಾರುಗಳು ಕಡೆಯ ಗಳಿಗೆಯಲ್ಲಿ ತಾವೇ ಬ್ರೇಕು ಹಾಕುತ್ತವೆ, ನಿಜ. ಅದು ಪೆಟ್ಟನ್ನು ತಗ್ಗಿಸುವ ಕೊನೆಯ ಉಪಾಯವೇ ಹೊರತು, ಪ್ರತಿ ಸಲವೂ ತಪ್ಪಿಸುವ ವಾಗ್ದಾನವಲ್ಲ.

ಹಾಗಾದರೆ ಜನರು ಇಂಥ ಉಪಕಾರಿಯಾದ ಧ್ವನಿಯನ್ನು ಏಕೆ ಅಡಗಿಸಲು ಬಯಸುತ್ತಾರೆ? ಅದಕ್ಕೆ ಕಾರಣವುಂಟು. ಕೆಳಗಿನ ರಸ್ತೆಯಲ್ಲಿ ಎರಡು ವಾಹನಗಳ ನಡುವೆ ಸ್ವಲ್ಪ ಜಾಗ ಬಿಟ್ಟರೂ ಅಲ್ಲಿಗೆ ಸ್ಕೂಟರು ನುಗ್ಗುತ್ತದೆ. ಚಾಲಕನಿಗೆ ಅದು ನಿತ್ಯದ ಸಂಗತಿ, ಯಂತ್ರಕ್ಕೆ ಅಪಾಯ. ಅದು ಸದ್ದು ಮಾಡುತ್ತದೆ. ಸದ್ದು ಬಂದ ಹತ್ತು ಸಲವೂ ಏನೂ ಆಗದಿದ್ದರೆ ಹನ್ನೊಂದನೆಯ ಸಲ ಕಿವಿ ಅದನ್ನು ಲಕ್ಷಿಸುವುದಿಲ್ಲ. ‘ಹುಲಿ ಬಂತು ಹುಲಿ’ ಎಂದು ಸುಮ್ಮಸುಮ್ಮನೆ ಕೂಗಿದ ದನಗಾಹಿ ಹುಡುಗನ ಕತೆ ಎಲ್ಲರಿಗೂ ತಿಳಿದದ್ದೇ. ಇಲ್ಲಿ ಒಂದು ವ್ಯತ್ಯಾಸವಿದೆ. ಆ ಹುಡುಗ ಸುಳ್ಳು ಹೇಳಿದ. ಯಂತ್ರ ಸುಳ್ಳು ಹೇಳುವುದಿಲ್ಲ, ಸಂದೇಹ ಬಂದಾಗಲೆಲ್ಲ ಕೂಗುತ್ತದೆ. ಕೂಗುವುದನ್ನು ಕಡಿಮೆ ಮಾಡಿದರೆ ನಿಜವಾದ ಹುಲಿ ಬಂದಾಗಲೂ ಅದು ಸುಮ್ಮನಿದ್ದೀತು. ಈ ಎರಡರ ನಡುವೆ ಹದವನ್ನು ಕಂಡುಕೊಳ್ಳುವುದೇ ತಂತ್ರಜ್ಞರ ಮುಂದಿರುವ ಕಠಿಣ ಕಾರ್ಯ.

ಈ ಹದ ತಪ್ಪಿದರೆ ಏನಾಗುತ್ತದೆಂಬುದನ್ನು ಅಮೆರಿಕ ದೇಶವು ೧೯೭೪ರಲ್ಲಿ ಕಂಡಿತು. ಮುಂದಿನ ಆಸನದಲ್ಲಿ ಕುಳಿತವರು ಬೆಲ್ಟು ಕಟ್ಟದೆ ಕಾರು ಚಾಲೂ ಆಗದಂತೆ ಆ ವರ್ಷದ ಕಾರುಗಳನ್ನು ರಚಿಸಲಾಗಿತ್ತು. ಜನರು ರೊಚ್ಚಿಗೆದ್ದರು. ಅದೇ ವರ್ಷ ಅಲ್ಲಿನ ಶಾಸನಸಭೆ ಆ ಕಡ್ಡಾಯವನ್ನು ರದ್ದುಗೊಳಿಸಿ, ಎಚ್ಚರಿಕೆಯ ಸದ್ದು ಎಂಟು ಸೆಕೆಂಡಿಗಿಂತ ಹೆಚ್ಚು ಕಾಲ ಇರಬೇಕೆಂದು ಕಡ್ಡಾಯಪಡಿಸಕೂಡದೆಂದು ವಿಧಿಸಿತು. ನಮ್ಮ ದೇಶದಲ್ಲಿ ನಡೆದುದು ಇನ್ನೊಂದು ಬಗೆ. ಬೆಲ್ಟು ಕಟ್ಟದೆಯೇ ಸದ್ದನ್ನು ನಿಲ್ಲಿಸಲು ಕೊಂಡಿಯೊಳಗೆ ಸಿಕ್ಕಿಸುವ ಚಿಕ್ಕ ಲೋಹದ ತುಂಡುಗಳು ಮಾರಾಟಕ್ಕೆ ಬಂದವು. ೨೦೨೩ರ ಮೇ ತಿಂಗಳಿನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ಐದು ಆನ್‌ಲೈನ್ ಮಾರಾಟ ಸಂಸ್ಥೆಗಳ ವಿರುದ್ಧ ಆದೇಶ ಹೊರಡಿಸಿತು. ಅಂಥ ೧೩,೧೧೮ ಮಾರಾಟದ ಪಟ್ಟಿಗಳನ್ನು ತೆಗೆದುಹಾಕಲಾಯಿತು. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ ೨೦೨೧ರ ಒಂದೇ ವರ್ಷದಲ್ಲಿ ಬೆಲ್ಟು ಧರಿಸದೆ ಅಪಘಾತಗಳಲ್ಲಿ ಮಡಿದವರು ೧೬,೩೯೭ ಮಂದಿ. ಆ ಲೋಹದ ತುಂಡು ಅಡಗಿಸಿದುದು ಸದ್ದನ್ನು ಮಾತ್ರ, ಅಪಾಯವನ್ನಲ್ಲ.

ಧ್ವನಿಯನ್ನು ಅಡಗಿಸುವುದು ಒಂದು ತಪ್ಪಾದರೆ, ಅದನ್ನೇ ಸಂಪೂರ್ಣವಾಗಿ ನಂಬಿ ಕುಳಿತುಕೊಳ್ಳುವುದು ಇನ್ನೊಂದು ತಪ್ಪು. ಜಡಿಮಳೆ, ದಟ್ಟ ಮಂಜು, ಇಳಿಹೊತ್ತಿನ ಎದುರುಬಿಸಿಲು ಕ್ಯಾಮೆರಾದ ದೃಷ್ಟಿಯನ್ನು ಕೆಡಿಸುತ್ತವೆ. ರಸ್ತೆಯ ಗೆರೆ ಅಳಿಸಿಹೋಗಿದ್ದರೆ ಅದಕ್ಕೆ ಗೆರೆಯೇ ಇಲ್ಲ. ಇದಲ್ಲದೆ, ಕ್ಯಾಮೆರಾ ಕಂಡ ವಸ್ತು ಏನೆಂದು ಗುರುತಿಸಲು ಯಂತ್ರಕ್ಕೆ ಸಾವಿರಾರು ಚಿತ್ರಗಳನ್ನು ತೋರಿಸಿ ಪಾಠ ಹೇಳಬೇಕಾಗುತ್ತದೆ. ಹೊರದೇಶದ ಅಚ್ಚುಕಟ್ಟಾದ ರಸ್ತೆಗಳ ಚಿತ್ರಗಳಿಂದ ಕಲಿತ ಯಂತ್ರಕ್ಕೆ ನಮ್ಮ ಆಟೋರಿಕ್ಷಾ ಹೊಸದು. ರಸ್ತೆಯ ನಡುವೆ ಮಲಗಿದ ಹಸುವೂ ಹೊಸದು. ಈ ಕೊರತೆಯನ್ನು ನೀಗಲು ಹೈದರಾಬಾದಿನ ಐಐಐಟಿ ಸಂಸ್ಥೆಯ ಸಂಶೋಧಕರು ಹೈದರಾಬಾದು ಮತ್ತು ಬೆಂಗಳೂರಿನ ರಸ್ತೆಗಳಲ್ಲಿ ೧೮೨ ಸಲದ ಓಡಾಟಗಳಿಂದ ೧೦,೦೦೦ ಚಿತ್ರಗಳನ್ನು ಸಂಗ್ರಹಿಸಿ, ಅವುಗಳಲ್ಲಿ ಕಂಡುದನ್ನು ೩೪ ವರ್ಗಗಳಾಗಿ ಗುರುತಿಸಿ ೨೦೧೮ರಲ್ಲಿ ಹೊರತಂದರು. ಆಟೋರಿಕ್ಷಾಕ್ಕೂ ಪ್ರಾಣಿಗಳಿಗೂ ಅದರಲ್ಲಿ ಪ್ರತ್ಯೇಕ ಸ್ಥಾನವಿದೆ. ನಮ್ಮ ರಸ್ತೆಗಳನ್ನು ನೋಡಲು ಯಂತ್ರ ಹೀಗೆ ಮೆಲ್ಲಮೆಲ್ಲನೆ ಕಲಿಯುತ್ತಿದೆ. ಕಲಿಯುತ್ತಿರುವವನನ್ನು ಕಾವಲಿಗೆ ಬಿಟ್ಟು ಯಜಮಾನ ನಿದ್ರೆಹೋಗುವುದು ಸಲ್ಲದು.

ಕಾರಿನ ಎಚ್ಚರಿಕೆ ಕೇಳಿಸುವುದು ಕಾರಿನೊಳಗೆ ಮಾತ್ರ. ಪಾಳಿ ಮುಗಿಸಿ, ಕೈಯಲ್ಲಿ ಬುತ್ತಿಯ ಚೀಲ ಹಿಡಿದು, ಬೊಮ್ಮನಹಳ್ಳಿಯ ರಸ್ತೆಯನ್ನು ದಾಟುವ ಹೆಣ್ಣುಮಗಳಿಗೆ ಅದು ಕೇಳಿಸುವುದಿಲ್ಲ. ತನ್ನನ್ನು ಕುರಿತು ಒಂದು ಯಂತ್ರ ಕೂಗಿತೆಂಬುದೂ ಅವಳಿಗೆ ತಿಳಿಯದು. ಅವಳ ಪರವಾಗಿ ಆ ಕೂಗನ್ನು ಕೇಳಿ, ಅರ್ಥಮಾಡಿಕೊಂಡು, ಸಕಾಲದಲ್ಲಿ ಕಾಲನ್ನು ಬ್ರೇಕಿನ ಮೇಲಿಡಬೇಕಾದವನು ಚಾಲಕನೊಬ್ಬನೇ. ಅಪಾಯವನ್ನು ಕಾಣುವ ಕೆಲಸದಲ್ಲಿ ಯಂತ್ರವು ಮನುಷ್ಯನಿಗೆ ನೆರವಾಗಬಲ್ಲದು, ಹೊಣೆಯನ್ನು ಹೊರಲಾರದು. ಇಂದು ಶಾಲೆಯ ಬೆಂಚಿನ ಮೇಲೆ ಕುಳಿತವರು ನಾಳೆ ಸ್ಟಿಯರಿಂಗಿನ ಹಿಂದೆ ಕುಳಿತುಕೊಳ್ಳುವವರು. ಸಂಚಾರದ ಚಿಹ್ನೆಗಳನ್ನು ಕಲಿಯುವಂತೆಯೇ ಈ ಧ್ವನಿಗಳ ಭಾಷೆಯನ್ನೂ ಅವರು ಕಲಿಯಬೇಕಾಗಿದೆ.